ಕೂಸು ಹ್ಯಾಂಗ ಅದರಿ?

ಹೊಟ್ಟೆಯೊಳಗಿನ ಕೂಸಿಗೆ ಉಸಿರಾಡುವ ಅಗತ್ಯವಿಲ್ಲ. ಬೇಕಾದ ಆಮ್ಲಜನಕವೆಲ್ಲ ಹೊಕ್ಕುಳಬಳ್ಳಿಯಿಂದ ಬರುತ್ತದೆ. ಸುತ್ತ ಇರುವುದು ಬರೀ ನೀರು. ಆದರೂ ಅದು ಉಸಿರಾಟದ ಅಭ್ಯಾಸ ಮಾಡುತ್ತಿರುತ್ತದೆ. ಸೋನೋಗ್ರಫಿ ಪರದೆಯ ಮೇಲೆ ಅದನ್ನು ಕಾಣಬೇಕೆಂದರೆ ಎದೆಗೂಡೂ ಹೊಟ್ಟೆಯೂ ಒಟ್ಟಿಗೆ ಕಾಣುವಂತೆ ಪ್ರೋಬನ್ನು, ಅಂದರೆ ತಾಯಿಯ ಹೊಟ್ಟೆಯ ಮೇಲೆ ಇಡುವ ಯಂತ್ರದ ಹಿಡಿಕೆಯನ್ನು, ಉದ್ದಕ್ಕೆ ಹಿಡಿದು, ಕೈ ಅಲುಗಿಸದೆ ಕಾಯಬೇಕು. ಕಾದರೆ ಕಾಣುತ್ತದೆ: ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯಾದ ವಪೆ ಕೆಳಗಿಳಿಯುತ್ತದೆ, ಪುಟ್ಟ ಎದೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಹೊಟ್ಟೆ ಮುಂದಕ್ಕೆ ಉಬ್ಬುತ್ತದೆ. ನಾವು ಉಸಿರೆಳೆದಾಗ ಎದೆ ಅರಳುತ್ತದಲ್ಲ, ಅದಕ್ಕೆ ಪೂರಾ ತಿರುಗುಮುರುಗು. ತಾಯಿ ಊಟ ಮಾಡಿ ಬಂದಿದ್ದರೆ ಈ ಆಟ ಇನ್ನೂ ಜಾಸ್ತಿ.

ಈ ಉಸಿರನ್ನು ನಾನು ಇಷ್ಟು ಆಸ್ಥೆಯಿಂದ ಹುಡುಕುವುದಕ್ಕೆ ಕಾರಣವಿದೆ. ಆಮ್ಲಜನಕ ಕಡಿಮೆಯಾಗತೊಡಗಿದಾಗ ಕೂಸು ಮೊದಮೊದಲಿಗೆ ಕೈಬಿಡುವ ಕೆಲಸಗಳಲ್ಲಿ ಇದೂ ಒಂದು. ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ, ಇವುಗಳಿಂದ ಅಂದಾಜು ತೂಕ: ಇವೆಲ್ಲ ಅಳತೆಗಳು, ಸರಿಯಾದ ಜಾಗದಲ್ಲಿ ಗುರುತು ಇಟ್ಟರೆ ಯಂತ್ರವೇ ಲೆಕ್ಕ ಹಾಕಿಕೊಡುತ್ತದೆ. ಕೂಸಿನ ಕ್ಷೇಮ ಮಾತ್ರ ಅಳತೆಯಲ್ಲಿ ಪೂರ್ತಿ ಸಿಗುವುದಿಲ್ಲ. ಅದು ಏನು ಮಾಡುತ್ತಿದೆ ಎಂದು ನೋಡುತ್ತ ಕೂರಬೇಕು. ನೋಡಲು ಹೊತ್ತು ಬೇಕು. ಮುಂಬೈಯಲ್ಲಿ ರೋಗಿಗೂ ಡಾಕ್ಟರಿಗೂ ಸಿಗದೇ ಇರುವುದು ಆ ಹೊತ್ತೇ.

ನಾನು ಧಾರವಾಡದವಳು, ಕೆಲಸ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ. ಸೋನೋಗ್ರಫಿಗೆಂದು ನನ್ನ ಹತ್ತಿರ ಬರುವ ಕನ್ನಡದವರಲ್ಲಿ ಕೆಲವರು ಅಜ್ಜನ ಕಾಲದಲ್ಲೇ ಹೋಟೆಲು ಕೆಲಸಕ್ಕೆ ಬಂದು ಇಲ್ಲೇ ಬೇರು ಬಿಟ್ಟ ಉಡುಪಿ, ಮಂಗಳೂರು ಕಡೆಯ ಮನೆಗಳವರು. ಮನೆಯಲ್ಲಿ ತುಳು, ಹೊರಗೆ ಮರಾಠಿ, ನನ್ನ ಎದುರಿಗೆ ಕನ್ನಡ. ಇನ್ನು ಹಲವರು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೊದಲು ನನ್ನ ಜೊತೆ ಹಿಂದಿಯಲ್ಲಿ ಶುರು ಮಾಡುತ್ತಾರೆ. "ಯಾವೂರಾಯಿತವಾ?" ಎಂದು ನಾನು ಕೇಳಿದ್ದೇ ತಡ, ಜೊತೆಗೆ ಬಂದ ಅತ್ತೆ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಸರಿಯಾಗಿ ಕೂರುತ್ತಾಳೆ. ಆಮೇಲೆ ಆ ಪ್ರಶ್ನೆ ಬರುತ್ತದೆ: "ಡಾಕ್ಟರ ಬಾಯಾರ, ಕೂಸು ಹ್ಯಾಂಗ ಅದರಿ?"

ನಾನು ಇಂಗ್ಲಿಷಿನಲ್ಲಿ ಬರೆಯುವ ಎರಡು ಪುಟದ ರಿಪೋರ್ಟು ಪೂರಾ ಈ ಒಂದು ಪ್ರಶ್ನೆಗೇ ಉತ್ತರ. ಆ ಉತ್ತರ ಹೇಗೆ ತಯಾರಾಗುತ್ತದೆ ಎಂಬುದು ಬಸುರಿಗೂ ಅವಳ ಮನೆಯವರಿಗೂ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ. ಗೊತ್ತಿದ್ದವರು ಸುಮ್ಮನೆ ಹೆದರುವುದಿಲ್ಲ. ಹೆದರಬೇಕಾದಲ್ಲಿ ತಡಮಾಡುವುದೂ ಇಲ್ಲ.

1953ರಲ್ಲಿ ವರ್ಜಿನಿಯಾ ಅಪ್ಗಾರ್ ಎಂಬ ಅಮೆರಿಕದ ಅರಿವಳಿಕೆ ತಜ್ಞೆ, ಆಗತಾನೆ ಹುಟ್ಟಿದ ಕೂಸಿನ ಐದು ಅಂಶ ನೋಡಿ ಒಟ್ಟು 10ಕ್ಕೆ ಅಂಕ ಹಾಕುವ ಪದ್ಧತಿಯನ್ನು ಪ್ರಕಟಿಸಿದರು. ಇವತ್ತಿಗೂ ಯಾವ ಹೆರಿಗೆ ಕೋಣೆಯಲ್ಲಾದರೂ ಕೂಸು ಹೊರಬಂದ ಕೂಡಲೇ ಈ ಅಂಕ ಬರೆಯುತ್ತಾರೆ. 1980ರಲ್ಲಿ ಫ್ರಾಂಕ್ ಮ್ಯಾನಿಂಗ್ ಮತ್ತು ಅವರ ಸಂಗಡಿಗರು ಇನ್ನೂ ಹುಟ್ಟದ ಕೂಸಿಗೂ ಅಂಥದೇ 10ರ ಲೆಕ್ಕವೊಂದನ್ನು ಕೊಟ್ಟರು. ಬಯೋಫಿಸಿಕಲ್ ಪ್ರೊಫೈಲ್ ಅಂತ ಹೆಸರು. ನಮ್ಮ ಬಾಯಲ್ಲಿ ಬಿಪಿಪಿ. ಅರ್ಧ ಗಂಟೆಯೊಳಗೆ ಕನಿಷ್ಠ 30 ಸೆಕೆಂಡು ಬಿಡದೆ ಉಸಿರಾಟ ಕಂಡರೆ 2 ಅಂಕ. ಮೈ ಇಲ್ಲವೇ ಕೈಕಾಲು ಮೂರು ಸಲವಾದರೂ ಆಡಿದರೆ 2. ಕೈಯನ್ನೋ ಕಾಲನ್ನೋ ಚಾಚಿ ಮತ್ತೆ ಮಡಚಿಕೊಂಡರೆ, ಅಥವಾ ಮುಷ್ಟಿ ಬಿಚ್ಚಿ ಮತ್ತೆ ಮುಚ್ಚಿದರೆ 2. ಇದನ್ನು ಟೋನ್ ಅನ್ನುತ್ತೇವೆ, ಸ್ನಾಯುವಿನ ಬಿಗಿ. ನೀರು ಒಂದು ಕಡೆಯಾದರೂ 2 ಸೆಂಟಿಮೀಟರಿಗಿಂತ ಹೆಚ್ಚು ಆಳವಿದ್ದರೆ 2. ಐದನೆಯದು ಸೋನೋಗ್ರಫಿಯಲ್ಲ, ಎನ್‌ಎಸ್‌ಟಿ. ಹೊಟ್ಟೆಗೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತವನ್ನು ಕಾಗದದ ಮೇಲೆ ಬರೆಸುವ ಪರೀಕ್ಷೆ. ಕೂಸು ಮೈ ಆಡಿಸಿದಾಗ ಬಡಿತ ಏರಿ ಇಳಿಯಬೇಕು. 8 ಅಥವಾ 10 ಬಂದರೆ ನಿಶ್ಚಿಂತೆ, 6 ಬಂದರೆ ಅನುಮಾನ, 4 ಅಥವಾ ಅದಕ್ಕಿಂತ ಕಡಿಮೆ ಎಂದರೆ ಡಾಕ್ಟರು ಕೂಡಲೇ ಕೂತು ಯೋಚಿಸಬೇಕಾದ ವಿಷಯ.

ಇದರೊಳಗೆ ಒಂದು ಕ್ರಮವಿದೆ. ಓದಿ ಎಷ್ಟು ವರ್ಷವಾದರೂ ನನಗೆ ಅದರ ಬೆರಗು ಕಡಿಮೆಯಾಗಿಲ್ಲ. ಬಿಗಿ ಬರುವುದು ಎಲ್ಲಕ್ಕಿಂತ ಮೊದಲು, ಸುಮಾರು 8ನೇ ವಾರಕ್ಕೆ. ಅದರ ಬೆನ್ನಿಗೇ ಚಲನೆ. ಕ್ರಮಬದ್ಧ ಉಸಿರಾಟ 20 ವಾರ ದಾಟಿದ ಮೇಲೆ. ಚಲನೆಗೆ ತಕ್ಕಂತೆ ಎದೆಬಡಿತ ಏರುವುದು ಅದಕ್ಕೂ ಆಮೇಲೆ, ಆರನೇ ತಿಂಗಳ ಕೊನೆಗೆ. ಆಮ್ಲಜನಕಕ್ಕೆ ಕೊರತೆ ಬಂದಾಗ ಇದೇ ಸಾಲು ಹಿಂದುಮುಂದಾಗಿ ಕಳಚುತ್ತ ಬರುತ್ತದೆ. ಮೊದಲು ಎದೆಬಡಿತದ ಏರಿಳಿತ ಮಂಕಾಗುತ್ತದೆ, ಉಸಿರಾಟ ನಿಲ್ಲುತ್ತದೆ, ಆಮೇಲೆ ಚಲನೆ, ಕಟ್ಟಕಡೆಗೆ ಬಿಗಿ. ಕೊನೆಗೆ ಕಲಿತದ್ದನ್ನು ಮೊದಲು ಬಿಟ್ಟು, ಮೊದಲು ಕಲಿತದ್ದನ್ನು ಕೊನೆಯವರೆಗೆ ಹಿಡಿದುಕೊಂಡಿರುತ್ತದೆ ಕೂಸು. ಬಿಗಿಯೂ ಹೋಗಿ ಕೈ ಚಾಚಿದ್ದು ಚಾಚಿದಂತೆಯೇ ಉಳಿದಿದ್ದರೆ ನಮ್ಮ ಬಳಿ ಹೊತ್ತಿಲ್ಲ ಎಂದರ್ಥ.

ನೀರಿನ ಕಥೆಯೇ ಬೇರೆ. ಬಸಿರಿನ ಉತ್ತರಾರ್ಧದಲ್ಲಿ ಆ ನೀರು ಬಹುಪಾಲು ಕೂಸಿನ ಮೂತ್ರವೇ. ಮಾಸು, ಅಂದರೆ ತಾಯಿಯಿಂದ ಕೂಸಿಗೆ ಆಮ್ಲಜನಕ, ಆಹಾರ ದಾಟಿಸುವ ಅಂಗ, ಸರಿಯಾಗಿ ಕೆಲಸ ಮಾಡದೆ ಹೋದರೆ ಕೂಸು ಇದ್ದ ರಕ್ತವನ್ನು ಮೆದುಳಿಗೆ, ಹೃದಯಕ್ಕೆ ಹೆಚ್ಚು ಹರಿಸಿಕೊಂಡು ಉಳಿದದ್ದಕ್ಕೆ ಕಡಿಮೆ ಮಾಡುತ್ತದೆ. ಮೂತ್ರಪಿಂಡಕ್ಕೆ ರಕ್ತ ಕಡಿಮೆಯಾದರೆ ಮೂತ್ರ ಕಡಿಮೆ, ಮೂತ್ರ ಕಡಿಮೆಯಾದರೆ ನೀರು ಕಡಿಮೆ. ಇದು ಒಂದು ದಿನದಲ್ಲಿ ಆಗುವುದಲ್ಲ, ದಿನಗಟ್ಟಲೆ, ವಾರಗಟ್ಟಲೆ ನಡೆದದ್ದರ ಗುರುತು. ಉಸಿರು, ಚಲನೆ, ಬಿಗಿ ಈ ಹೊತ್ತಿನ ಸುದ್ದಿ ಹೇಳುತ್ತವೆ. ನೀರು ಹಿಂದಿನ ದಿನಗಳದ್ದು. ಆದ್ದರಿಂದಲೇ ಮ್ಯಾನಿಂಗ್ ಅವರ ಲೆಕ್ಕದಲ್ಲಿ ಎರಡಕ್ಕೂ ಜಾಗವಿದೆ, ಮತ್ತು ಬೇರೆಲ್ಲ ಅಂಕ ಬಂದಿದ್ದರೂ ನೀರು ಬತ್ತಿದ್ದರೆ ನಾವು ಸುಮ್ಮನೆ ಮನೆಗೆ ಕಳಿಸುವುದಿಲ್ಲ.

ಈಗ ಹೊತ್ತಿನ ಮಾತಿಗೆ ಬರುತ್ತೇನೆ. ಕೂಸೂ ಮಲಗುತ್ತದೆ. ಒಂದು ಸಲಕ್ಕೆ 20ರಿಂದ 40 ನಿಮಿಷ ಗಟ್ಟಿ ನಿದ್ದೆ ಸಹಜ. ಆ ನಿದ್ದೆಯಲ್ಲಿರುವಾಗ ಪ್ರೋಬ್ ಇಟ್ಟು ಐದು ನಿಮಿಷ ನೋಡಿದರೆ ಉಸಿರಾಟವಿಲ್ಲ, ಚಲನೆಯಿಲ್ಲ. ನಿದ್ದೆ ಹೋಗಿದೆಯೋ ಸೋತು ಬಿದ್ದಿದೆಯೋ ಆ ಐದು ನಿಮಿಷದಲ್ಲಿ ತಿಳಿಯುವುದು ಸಾಧ್ಯವೇ ಇಲ್ಲ. ಪೂರ್ತಿ ಅರ್ಧ ಗಂಟೆ ಎಂಬ ನಿಯಮ ಬಂದದ್ದು ಇದಕ್ಕೇ. ಚುರುಕಾಗಿರುವ ಕೂಸು ಹತ್ತು ನಿಮಿಷದಲ್ಲೇ ಎಲ್ಲ ತೋರಿಸಿ ಬಿಡುತ್ತದೆ, ಆಗ ಮುಂದೆ ಕಾಯಬೇಕಿಲ್ಲ. ತೋರಿಸದೆ ಇದ್ದಾಗ ಮಾತ್ರ ಕಾಯಬೇಕು. ಎಷ್ಟೇ ಗದ್ದಲವಿದ್ದರೂ ಕಾಯಬೇಕು, ಹೊರಗೆ ಬೆಂಚಿನ ಮೇಲೆ ಎಂಟು ಜನ ಕೂತಿದ್ದರೂ ಕಾಯಬೇಕು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಸೆಂಟರಿನಲ್ಲಿ ರಿಪೋರ್ಟಿನ ನಮೂನೆಯಲ್ಲೇ "ಬಿಪಿಪಿ 8/8" ಎಂದು ಮೊದಲೇ ಟೈಪು ಮಾಡಿಟ್ಟಿರುತ್ತಿದ್ದರು. ಎನ್‌ಎಸ್‌ಟಿ ಬಿಟ್ಟು ಸೋನೋಗ್ರಫಿಯ ನಾಲ್ಕೇ ಅಂಶ ಲೆಕ್ಕ ಹಿಡಿದರೆ ಒಟ್ಟು 8. ಏನಾದರೂ ಬೇರೆ ಕಂಡರೆ ತಿದ್ದಿ ಎಂದು ಹೇಳುತ್ತಿದ್ದರು. ನೋಡದೇ ಇದ್ದದ್ದು ಬೇರೆಯಾಗಿ ಕಾಣುವುದು ಹೇಗೆ? ಉಸಿರಾಟ ಕಂಡಿಲ್ಲದಿದ್ದರೆ ಕಂಡಿಲ್ಲ ಎಂದೇ ಬರೆಯಬೇಕು, ಎಷ್ಟು ಹೊತ್ತು ನೋಡಿದೆ ಎಂದು ಬರೆಯಬೇಕು. ಆ ಹಾಳೆಯನ್ನು ಹಿಡಿದು ಹೆಂಗಸೊಬ್ಬಳು ನೆಮ್ಮದಿಯಿಂದ ಲೋಕಲ್ ಹತ್ತಿ ಮನೆಗೆ ಹೋಗುತ್ತಾಳೆ. ಅವಳ ಡಾಕ್ಟರು ಅದನ್ನು ನಂಬಿ ಮುಂದಿನ ವಾರದ ತಾರೀಖು ಕೊಡುತ್ತಾರೆ. ನಾನು ಆ ಕೆಲಸ ಬಿಟ್ಟೆ. ಆ ನಮೂನೆ ಅಲ್ಲೊಂದೇ ಕಡೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಬಿಪಿಪಿ ಅಂಕವಿದ್ದು, ಪ್ರೋಬ್ ಹೊಟ್ಟೆಯ ಮೇಲೆ ಇದ್ದದ್ದು ಎರಡು ಮೂರು ನಿಮಿಷವೇ ಆಗಿದ್ದರೆ, "ಉಸಿರಾಟ ನೋಡಿದ್ರಾ?" ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ.

ಇನ್ನು ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ಅಲೆಯಾಗಿ ತೋರಿಸುವ ಸೋನೋಗ್ರಫಿ. ಕಳೆದ ಮಳೆಗಾಲದಲ್ಲಿ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಯಾದಗಿರಿ ಕಡೆಯವಳು, ಗಂಡ ಗೌಂಡಿ ಕೆಲಸದವನು. ಎಂಟನೇ ತಿಂಗಳು ಹಿಡಿದಿತ್ತು, ಬಿಪಿ ಏರಿತ್ತು, ತಿಂಗಳಿಗೆ ತಕ್ಕಂತೆ ಹೊಟ್ಟೆ ಬೆಳೆದಿಲ್ಲವೆಂದು ಡಾಕ್ಟರು ಕಳಿಸಿದ್ದರು. ಅಳೆದು ನೋಡಿದೆ. ತಲೆ ಪರವಾಗಿಲ್ಲ, ತೊಡೆಮೂಳೆ ಸ್ವಲ್ಪ ಕಡಿಮೆ, ಹೊಟ್ಟೆಯ ಸುತ್ತಳತೆ ಬಹಳ ಹಿಂದೆ. ಇದು ಮಾಸು ಸೋಲುತ್ತಿರುವಾಗ ಕಾಣುವ ಚಿತ್ರ: ಕೂಸು ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳಬೇಕಾದದ್ದನ್ನು ಕೂಡಿಟ್ಟುಕೊಳ್ಳಲಾಗದೆ ದಿನದ ಖರ್ಚಿಗೇ ಬಳಸುತ್ತಿರುತ್ತದೆ. ಹೊಕ್ಕುಳಬಳ್ಳಿಯ ಅಪಧಮನಿಯ ಮೇಲೆ ಡಾಪ್ಲರ್ ಇಟ್ಟೆ. ಕೂಸಿನ ಹೃದಯದಿಂದ ಮಾಸಿಗೆ ರಕ್ತ ಒಯ್ಯುವ ನಾಳ ಅದು. ಹೃದಯ ಒತ್ತಿದಾಗ ಪರದೆಯ ಮೇಲೆ ಅಲೆ ಎದ್ದು ನಿಲ್ಲುತ್ತದೆ. ಹೃದಯ ಬಿಡುವು ಪಡೆಯುವಾಗಲೂ ಅಲೆ ಪೂರ್ತಿ ನೆಲಕ್ಕೆ ಇಳಿಯಬಾರದು, ಯಾಕೆಂದರೆ ಆರೋಗ್ಯವಂತ ಮಾಸಿನಲ್ಲಿ ತಡೆ ಕಡಿಮೆ, ರಕ್ತ ಹರಿಯುತ್ತಲೇ ಇರಬೇಕು. ಇವಳಲ್ಲಿ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಕಪ್ಪು ಖಾಲಿ ಜಾಗ. ನಾಳ ಬದಲಿಸಿ, ಕೋನ ಬದಲಿಸಿ ಮತ್ತೆ ಮತ್ತೆ ನೋಡಿದೆ. ಪ್ರತಿ ಸಲವೂ ಅದೇ.

ಗಂಡ ಒಳಗೆ ಬಂದವನೇ ಹೇಳಿದ, "ನಾಳಿ ಉದ್ಯಾನ ಗಾಡಿಗಿ ಟಿಕೇಟ ಮಾಡ್ಸೀನ್ರಿ ಬಾಯಾರ. ಊರಾಗ ಆಕಿ ಅವ್ವ ಅದಾಳ, ಅಲ್ಲೇ ಹಡೀಲಿ." ನಾನು ಪರದೆಯನ್ನು ಅವನ ಕಡೆ ತಿರುಗಿಸಿದೆ. "ಊರಾಗ ಬೋರಿಂಗ್ ಹೊಡೀತೀರಲ್ಲ, ಕೈ ಬಿಟ್ಟ ಮ್ಯಾಲೂ ಚೂರು ನೀರು ಹರೀತಿರ್ತದ ಹೌದಲ್ಲ? ಇಲ್ಲಿನೂ ಹಂಗ ಹರೀಬೇಕು. ಕೂಸಿನ ಬಳ್ಳ್ಯಾಗ ಕೈ ಬಿಟ್ಟ ಕೂಡ್ಲೇ ನಿಂತ ಹೋಗಲಿಕತ್ತದ. ಗಾಡ್ಯಾಗ ಹೋಗೂದು ಬ್ಯಾಡ, ಇವತ್ತೇ ದವಾಖಾನಿಗಿ ಅಡ್ಮಿಟ್ ಮಾಡ್ರಿ." ಅವನು ಪರದೆಯನ್ನೇ ನೋಡುತ್ತ ನಿಂತ. ಆಮೇಲೆ ಹೆಂಡತಿಗೆ ಚಪ್ಪಲಿ ಹಾಕಿಕೊಳ್ಳಲು ಕೈ ಹಿಡಿದ.

ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಅವತ್ತೇ ಅವಳನ್ನು ದಾಖಲು ಮಾಡಿಕೊಂಡರು. ಕೂಸಿನ ಶ್ವಾಸಕೋಶ ಬಲಿಯಲೆಂದು ಬೀಟಾಮೆಥಾಸೋನ್ ಚುಚ್ಚುಮದ್ದು ಕೊಟ್ಟರು, 12 ಮಿಲಿಗ್ರಾಂ, 24 ಗಂಟೆ ಬಿಟ್ಟು ಇನ್ನೊಮ್ಮೆ. ದಿನಾ ಎನ್‌ಎಸ್‌ಟಿ, ಮತ್ತೆ ಮತ್ತೆ ಡಾಪ್ಲರ್. ಇಂಥ ಕೂಸಿನ ಮೆದುಳಿನ ನಾಳದಲ್ಲಿ ಉಲ್ಟಾ ಚಿತ್ರ ಕಾಣುತ್ತದೆ: ನಾಳ ಹಿಗ್ಗಿಕೊಂಡು ಹೆಚ್ಚು ರಕ್ತ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಮೆದುಳನ್ನಾದರೂ ಉಳಿಸಿಕೊಳ್ಳಲು. ಹೊಕ್ಕುಳಬಳ್ಳಿಯ ರಕ್ತವನ್ನು ಹೃದಯದ ಕಡೆ ಒಯ್ಯುವ ಡಕ್ಟಸ್ ವೀನೋಸಸ್ ಎಂಬ ಸಣ್ಣ ನಾಳವನ್ನೂ ನೋಡುತ್ತಾರೆ. ಅದರ ಅಲೆ ಕೆಟ್ಟರೆ ಹೃದಯವೇ ಸೋಲತೊಡಗಿದೆ ಎಂದು. ಹೊರಗೆ ತೆಗೆದರೆ ಎಳೆಗೂಸಿನ ಅಪಾಯ, ಒಳಗೆ ಬಿಟ್ಟರೆ ಉಸಿರು ಕಟ್ಟುವ ಅಪಾಯ. ಇವೆರಡರ ನಡುವೆ ಒಂದೊಂದೇ ದಿನ ಗಳಿಸುವ ಕೆಲಸ ಅದು. 33 ವಾರ ತುಂಬುವ ಮೊದಲೇ ಸಿಸೇರಿಯನ್ ಆಯಿತು. ಕೂಸು ಒಂದೂಕಾಲು ಕಿಲೋ ಇತ್ತು. ತಾಯಿ ಎದೆಗೆ ಅಪ್ಪಿಕೊಂಡು ವಾರಗಟ್ಟಲೆ ಕಾಂಗರೂ ಆರೈಕೆ ಮಾಡಿದಳು. ಇಬ್ಬರೂ ಈಗ ಊರಲ್ಲಿ ಆರಾಮ ಇದ್ದಾರೆ.

ಈ ಕಥೆ ಕೇಳಿ ಎಲ್ಲ ಬಸುರಿಯರೂ ತಿಂಗಳು ತಿಂಗಳು ಡಾಪ್ಲರ್ ಮಾಡಿಸಬೇಕೆಂದು ಹೊರಡಬಾರದು. ಬಿಪಿ, ಸಕ್ಕರೆ, ಕೂಸಿನ ಬೆಳವಣಿಗೆ ಕುಂಠಿತ, ಹಿಂದೆ ಹೊಟ್ಟೆಯಲ್ಲೇ ಕೂಸು ತೀರಿಕೊಂಡ ನೋವು, ಇಂಥ ಅಪಾಯವಿರುವವರಲ್ಲಿ ಹೊಕ್ಕುಳಬಳ್ಳಿಯ ಡಾಪ್ಲರ್ ಜೀವ ಉಳಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಯಾವ ತೊಂದರೆಯೂ ಇಲ್ಲದವರಿಗೆ ವಾಡಿಕೆಯಂತೆ ಮಾಡಿದರೆ ಲಾಭವಿದೆ ಎಂದು ಕಂಡುಬಂದಿಲ್ಲ. ದುಡ್ಡಿರುವ ಮನೆಗಳಲ್ಲಿ ಬೇಡದಷ್ಟು ಸೋನೋಗ್ರಫಿ ಆಗುತ್ತದೆ, ಕಟ್ಟಡದ ಶೆಡ್ಡುಗಳಲ್ಲಿ ಇರುವವರಿಗೆ ಬೇಕಾದ ಒಂದೂ ಆಗಿರುವುದಿಲ್ಲ. ಒಂದೇ ದಿನ ಒಂದೇ ಕೋಣೆಯಲ್ಲಿ ನಾನು ಎರಡನ್ನೂ ನೋಡುತ್ತೇನೆ.

ಬೇಡದ ಹೆದರಿಕೆಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಕುತ್ತಿಗೆಗೆ ಬಳ್ಳಿ ಸುತ್ತಿದೆ" ಎಂಬ ಒಂದು ಸಾಲು ಎಷ್ಟು ಮನೆಗಳ ನಿದ್ದೆ ಕೆಡಿಸಿದೆಯೋ. ತುಂಬಿದ ತಿಂಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕೂಸಿಗೆ ಹೀಗೆ ಒಂದು ಸುತ್ತು ಇದ್ದೇ ಇರುತ್ತದೆ. ಬಹುಪಾಲು ಕೂಸುಗಳು ಹಾಗೆಯೇ ಸಹಜವಾಗಿ ಹುಟ್ಟುತ್ತವೆ, ಸೂಲಗಿತ್ತಿಯರು ಬೆರಳಿನಿಂದ ಸರಿಸಿ ಬಿಡುತ್ತಿದ್ದರು. ಅದೊಂದನ್ನೇ ಕಾರಣ ಮಾಡಿ ಹೊಟ್ಟೆ ಕೊಯ್ಯಬೇಕಿಲ್ಲ. ನೀರಿನದ್ದೂ ಹಾಗೇ. ನೀರನ್ನು ಅಳೆಯುವ ಎರಡು ಪದ್ಧತಿಗಳಿವೆ. ನಾಲ್ಕು ಮೂಲೆಯ ಆಳ ಕೂಡಿಸುವ ಎಎಫ್‌ಐ ಒಂದು, ಎಲ್ಲಕ್ಕಿಂತ ಆಳವಾದ ಒಂದೇ ಜಾಗ ಅಳೆಯುವುದು ಇನ್ನೊಂದು. ಎಎಫ್‌ಐ ಹಿಡಿದರೆ "ನೀರು ಕಡಿಮೆ" ಎಂಬ ಹಣೆಪಟ್ಟಿ ಹೆಚ್ಚು ಜನರಿಗೆ ಬೀಳುತ್ತದೆ, ಔಷಧಿ ಕೊಟ್ಟು ಹೆರಿಗೆ ನೋವು ಬರಿಸುವುದೂ ಹೆಚ್ಚುತ್ತದೆ. ಅದರಿಂದ ಕೂಸುಗಳ ಆರೋಗ್ಯವೇನೂ ಸುಧಾರಿಸಿಲ್ಲ. ನಾನು ಆಳವಾದ ಒಂದೇ ಜಾಗವನ್ನು ನಂಬುವವಳು. ಎಳನೀರೇ ಕುಡಿಯಬೇಕೆಂದಿಲ್ಲ, ಸಾದಾ ನೀರು ಸಾಕಷ್ಟು ಕುಡಿದರೂ ಆಗುತ್ತದೆ. ಮೇ ತಿಂಗಳಲ್ಲಿ ಬಿಸಿಲಲ್ಲಿ ಇಟ್ಟಿಗೆ ಹೊತ್ತು ಬರುವ ಹೆಂಗಸಿಗೆ ನಾನು ಮೊದಲು ಕೊಡಿಸುವುದು ಅದನ್ನೇ.

ಅತ್ತೆಯರು ಕೇಳುವ ಇನ್ನೊಂದು ಪ್ರಶ್ನೆಯಿದೆ. ದನಿ ಇಳಿಸಿ, ಸೊಸೆಗೂ ಕೇಳಿಸದ ಹಾಗೆ: "ಏನ್ ಅದರಿ?" ಗೋಡೆಯ ಮೇಲೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಬೋರ್ಡಿದೆ, ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂದು. ಈ ಯಂತ್ರದ ಚರಿತ್ರೆಯಲ್ಲಿ ಮುಂಬೈಗೆ ಒಂದು ಕಹಿಯಾದ ಪುಟವೂ ಇದೆ, ಹೆಮ್ಮೆಯ ಪುಟವೂ ಇದೆ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಲೋಹದೊಳಗಿನ ಬಿರುಕು ಹುಡುಕುವ ಯಂತ್ರದಿಂದ ಶುರುಮಾಡಿ, 1958ರಲ್ಲಿ ಗರ್ಭದ ಚಿತ್ರವನ್ನು ಲೋಕಕ್ಕೆ ತೋರಿಸಿದಾಗ ತಾಯಿ ಕೂಸುಗಳ ಒಳಿತಷ್ಟೇ ಮನಸ್ಸಿನಲ್ಲಿತ್ತು. ಎಂಬತ್ತರ ದಶಕಕ್ಕೆ ಈ ಶಹರದಲ್ಲಿ ಗರ್ಭದ ನೀರು ತೆಗೆದು ಹೆಣ್ಣೋ ಗಂಡೋ ನೋಡಿ ಹೆಣ್ಣನ್ನು ಇಲ್ಲವಾಗಿಸುವ ದಂಧೆ ಬೆಳೆದಿತ್ತು. ಅದರ ವಿರುದ್ಧ ಬೀದಿಗಿಳಿದವರೂ ಇಲ್ಲಿನ ಹೆಂಗಸರೇ, ಡಾಕ್ಟರುಗಳೇ. ದೇಶದಲ್ಲೇ ಮೊದಲ ಕಾನೂನು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾನೂನು 1994ರದ್ದು. ಅದು ಕಾಗದದ ಮೇಲೆ ಮಲಗಿದ್ದಾಗ 2000ದಲ್ಲಿ ಸೆಹತ್, ಪುಣೆ ಕಡೆಯ ಮಾಸೂಮ್ ಎಂಬ ಸಂಸ್ಥೆಗಳು ಮತ್ತು ಹೋರಾಟಗಾರ ಸಾಬು ಜಾರ್ಜ್ ಸುಪ್ರೀಂ ಕೋರ್ಟಿಗೆ ಹೋದರು; 2003ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ಈ ಕಾನೂನಿನಂತೆ ಸೋನೋಗ್ರಫಿಗೆ ಬರುವ ಪ್ರತಿ ಬಸುರಿಗೂ ತುಂಬಬೇಕಾದ ಫಾರ್ಮ್ ಎಫ್ ಬಗ್ಗೆ ನಮ್ಮ ವೃತ್ತಿಯವರು ಬೇಸರ ಪಡುವುದನ್ನು ಕೇಳಿದ್ದೇನೆ. ನನಗೆ ಆ ಬೇಸರವಿಲ್ಲ. ಹುಟ್ಟದೇ ಹೋದವರ ಲೆಕ್ಕದ ಎದುರು ಒಂದು ಫಾರ್ಮ್ ಏನು ದೊಡ್ಡದು.

ಆ ಅತ್ತೆಯನ್ನು ನಾನು ಗದರುವುದಿಲ್ಲ. ಪರದೆಯಲ್ಲಿ ಕೂಸಿನ ಎದೆ ತೋರಿಸುತ್ತೇನೆ. "ನೋಡ್ರಿ ಯವ್ವಾ, ಹ್ಯಾಂಗ ಉಸಿರಾಡ್ತದ. ಕೈ ಬಿಚ್ಚಿ ಮುಚ್ಚತದ ನೋಡ್ರಿ." ಐದು ಬೆರಳು ಬಿಚ್ಚಿಕೊಂಡಾಗ ಎಷ್ಟೋ ಅತ್ತೆಯರು ತಾವೂ ತಮ್ಮ ಬೆರಳು ಬಿಚ್ಚುವುದನ್ನು ಕಂಡಿದ್ದೇನೆ. ಕೆಲವರು ಮತ್ತೆ ಕೇಳುವುದಿಲ್ಲ. ಕೆಲವರು ಬಾಗಿಲ ಬಳಿ ಹೋಗಿ ಮತ್ತೆ ಕೇಳುತ್ತಾರೆ, ಆಗ ಬೋರ್ಡು ತೋರಿಸುತ್ತೇನೆ.

ಯಂತ್ರಕ್ಕಿಂತ ಮೊದಲು ಸುದ್ದಿ ತಿಳಿಯುವುದು ತಾಯಿಗೆ. "ನಿನ್ನಿಂದ ಸುಮ್ಮನ ಅದರಿ" ಎಂದು ಒಬ್ಬಳು ಹೇಳಿದರೆ ನನಗೆ ಉಳಿದ ಕೆಲಸವೆಲ್ಲ ಆಮೇಲಿನದು. 28 ವಾರದ ನಂತರ ಪ್ರತಿ ಕೂಸಿಗೂ ತನ್ನದೇ ಒಂದು ದಿನಚರಿ ಬೆಳೆಯುತ್ತದೆ. ಕೆಲವು ರಾತ್ರಿ ಊಟದ ಮೇಲೆ ಕುಣಿಯುತ್ತವೆ, ಕೆಲವು ನಸುಕಿನಲ್ಲಿ. ಎಡಮಗ್ಗುಲಿಗೆ ಮಲಗಿ ಗಮನ ಕೊಟ್ಟು, ಎರಡು ಗಂಟೆಯಲ್ಲಿ ಹತ್ತು ಸಲ ಆಡಿದ್ದು ತಿಳಿದರೆ ಸಾಕು ಎಂಬ ಲೆಕ್ಕ ಬಹಳ ಕಡೆ ಹೇಳುತ್ತಾರೆ. ನಾನು ಅದಕ್ಕಿಂತ ಹೆಚ್ಚಾಗಿ ಅವಳಿಗೆ ಗೊತ್ತಿರುವ ದಿನಚರಿ ಬದಲಾಯಿತೇ ಎಂದು ಕೇಳುತ್ತೇನೆ. ಒಂಬತ್ತು ತುಂಬಿದ ಮೇಲೆ ಕೂಸು ಜಾಗವಿಲ್ಲದೆ ಆಡುವುದು ಕಡಿಮೆಯಾಗುತ್ತದೆ ಎಂದು ಮನೆಯಲ್ಲಿ ಹಿರಿಯರು ಸಮಾಧಾನ ಹೇಳುತ್ತಾರೆ. ಅದು ನಿಜವಲ್ಲ. ಒದೆಯುವ ರೀತಿ ಬದಲಾದೀತು, ಹೊರಳಿದಂತೆ ಅನ್ನಿಸೀತು, ಕಡಿಮೆಯಂತೂ ಆಗಬಾರದು. ಕಡಿಮೆ ಅನ್ನಿಸಿದರೆ ಅದೇ ದಿನ, ಅದೇ ರಾತ್ರಿ ಹೊರಡಬೇಕು, ಬೆಳಗಾಗಲಿ ಎಂದು ಕಾಯಬಾರದು. ಆನ್‌ಲೈನಿನಲ್ಲಿ ಕೊಂಡ ಸಣ್ಣ ಡಾಪ್ಲರ್ ಇಟ್ಟು ಎದೆಬಡಿತ ಕೇಳಿತು, ಹಾಗಾಗಿ ಬರಲಿಲ್ಲ ಎಂದು ಹೇಳುವವರಿದ್ದಾರೆ. ಬಡಿತ ಕಟ್ಟಕಡೆಯವರೆಗೂ ಇರುತ್ತದೆ. ಅದು ಕೇಳಿಸಿತು ಎಂದರೆ ಕೂಸು ಬದುಕಿದೆ ಎಂದಷ್ಟೇ ಅರ್ಥ, ಚೆನ್ನಾಗಿದೆ ಎಂದಲ್ಲ.

ನಮ್ಮವರ ಮಟ್ಟಿಗೆ ಇನ್ನೊಂದು ತೊಡಕಿದೆ, ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿ. ರೂಢಿ ಒಳ್ಳೆಯದೇ. ಎಣ್ಣೆನೀರು, ಬಾಣಂತನ, ಅವ್ವನ ಕೈ ಊಟ ಇಲ್ಲಿನ ಶೆಡ್ಡಿನಲ್ಲಿ ಯಾರು ಮಾಡಬೇಕು? ಆದರೆ ಹುಡುಗಿ ಗಾಡಿ ಹತ್ತುವುದು ಏಳನೆಯ, ಎಂಟನೆಯ ತಿಂಗಳಲ್ಲಿ, ಅಂದರೆ ಕೂಸಿನ ಬೆಳವಣಿಗೆಯನ್ನು ಸರಿಯಾಗಿ ಹಿಂಬಾಲಿಸಬೇಕಾದ ಹೊತ್ತಿನಲ್ಲೇ. ಬೆಳವಣಿಗೆ ಎಂದರೆ ಒಂದು ಅಳತೆಯಲ್ಲ, ಕನಿಷ್ಠ ಎರಡು ವಾರ ಅಂತರದ ಎರಡು ಅಳತೆಗಳ ನಡುವಿನ ವ್ಯತ್ಯಾಸ. ಹಳೆಯ ಫೈಲು ಮುಂಬೈಯ ಟ್ರಂಕಿನಲ್ಲಿ ಉಳಿದರೆ ಕಲಬುರಗಿಯ ಡಾಕ್ಟರ ಕೈಯಲ್ಲಿ ಒಂದೇ ಅಳತೆ. ಸಣ್ಣ ಕೂಸೋ, ತಿಂಗಳ ಲೆಕ್ಕವೇ ತಪ್ಪೋ ಅವರಿಗೆ ಹೇಗೆ ತಿಳಿಯಬೇಕು?

ತಿಂಗಳ ಲೆಕ್ಕ ಎಲ್ಲದರ ಬುನಾದಿ. "ಕಡೀ ಸಲ ಮುಟ್ಟಾಗಿದ್ದು ಯಾವಾಗವಾ?" ಎಂದರೆ "ಪಂಚಮಿ ಆಗಿ ನಾಕ ದಿನಕ್ರಿ" ಎನ್ನುತ್ತಾರೆ. ನಾನು ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರ್ ತಿರುವಿ ನಾಗರಪಂಚಮಿ ಹುಡುಕಿ ತಾರೀಖು ಹಾಕಿಕೊಳ್ಳುತ್ತೇನೆ. ಹಬ್ಬದ ನೆನಪು ಎಷ್ಟೋ ಸಲ ಬಹಳ ಸರಿಯಾಗಿರುತ್ತದೆ. ಆದರೂ ಮೂರು ತಿಂಗಳೊಳಗೆ ಒಂದು ಸೋನೋಗ್ರಫಿ ಆಗಿ, ಕೂಸಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ ಅಳೆದಿದ್ದರೆ ಅದಕ್ಕಿಂತ ಗಟ್ಟಿಯಾದ ತಾರೀಖು ಇನ್ನೊಂದಿಲ್ಲ. ಆಮೇಲಿನ ಪ್ರತಿ ಸ್ಕ್ಯಾನಿನಲ್ಲೂ ಯಂತ್ರ ತನ್ನಷ್ಟಕ್ಕೆ ತಾನೇ ಒಂದು ಹೊಸ ಹೆರಿಗೆ ದಿನಾಂಕ ಅಚ್ಚು ಹಾಕುತ್ತದೆ. ಅದನ್ನು ನೋಡಿ ಮನೆಯವರು "ದಿನ ಮುಂದ ಹೋತು" ಎಂದುಕೊಳ್ಳುತ್ತಾರೆ. ದಿನ ಮುಂದೆ ಹೋಗುವುದಿಲ್ಲ. ಮುಂದೆ ಹೋದಂತೆ ಕಂಡರೆ ಕೂಸು ಹಿಂದೆ ಬಿದ್ದಿರಬಹುದು, ಅದನ್ನೇ ವಿಚಾರಿಸಬೇಕು.

ಊರಿಗೆ ಹೊರಟವರ ಫೈಲಿನ ಮೊದಲ ಹಾಳೆಯ ಮೇಲೆ ನಾನು ಕನ್ನಡದಲ್ಲಿ ಬರೆದು ಕೊಡುತ್ತೇನೆ: ಮೊದಲ ಸ್ಕ್ಯಾನಿನಿಂದ ಗೊತ್ತಾದ ಹೆರಿಗೆ ದಿನಾಂಕ, ಇದು ಬದಲಾಗುವುದಿಲ್ಲ ಎಂಬ ಮಾತು, ಇಲ್ಲಿಯವರೆಗಿನ ತೂಕಗಳು, ಬಿಪಿ ಇದ್ದರೆ ಬಿಪಿ, ಮುಂದಿನ ಗ್ರೋಥ್ ಸ್ಕ್ಯಾನ್ ಯಾವ ವಾರ. ಪ್ರಿಂಟರಿನ ಕಪ್ಪು ಬಿಳುಪು ಚಿತ್ರಗಳು ಬಿಸಿಲಿಗೆ, ಸೆಕೆಗೆ ಅಳಿಸಿಹೋಗುತ್ತವೆ, ಆದ್ದರಿಂದ ಎಲ್ಲ ಪುಟಗಳ ಫೋಟೋ ಗಂಡನ ಮೊಬೈಲಿನಲ್ಲೂ ಇರಲಿ ಎನ್ನುತ್ತೇನೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಊರು ಮುಟ್ಟಿದ ಮೇಲೆ ಬರುವ ಮೊದಲ 9ನೇ ತಾರೀಖಿಗೇ ಫೈಲು ಹಿಡಿದುಕೊಂಡು ಹೋಗಿ ಎಂದು ಅದರ ಕೆಳಗೆ ಬರೆಯುತ್ತೇನೆ. ಹೋದ ತಿಂಗಳು ಊರ ಕಡೆಯ ಆಸ್ಪತ್ರೆಯೊಂದರಿಂದ ಡಾಕ್ಟರೊಬ್ಬರು ಆ ಹಾಳೆಯ ಮೇಲಿನ ನಂಬರಿಗೆ ಫೋನ್ ಮಾಡಿ, 30ನೇ ವಾರದ ಡಾಪ್ಲರ್ ಅಲೆಯ ಚಿತ್ರ ಕಳಿಸಿ, ಇವತ್ತಿನದಕ್ಕೆ ಹೋಲಿಸಿ ನೋಡಬೇಕು ಎಂದರು. ಕಳಿಸಿದೆ. ಎರಡೂ ಒಂದೇ ರೀತಿ ಇದ್ದವು.